ಸರೋಜಳ ಹಲ್ಲಿನ ಸಿಮೆಂಟು

ಸರೋಜಾ, ನಿನ್ನ ದವಡೆ ಹಲ್ಲು ಹೋಗಿದ್ದು ಡಾಕ್ಟರಮ್ಮನಿಂದಲ್ಲ — ನಿನ್ನ ಗಂಡನಿಂದ. ಐದು ವರ್ಷದಿಂದ ನೀನು ಆಕೆಯನ್ನು ಬೈಯುತ್ತೀಯ. ನಾನು ಪಕ್ಕದಲ್ಲಿ ಕೂತು ಹೂಂಗುಟ್ಟುತ್ತೇನೆ.

ಶಿವಮೊಗ್ಗದ ವಿನೋಬನಗರದ ಕ್ಲಿನಿಕ್ಕಿನಲ್ಲಿ ಆಕೆ ಹಲ್ಲಿನ ಬೇರು ಶುದ್ಧಮಾಡಿ, ಔಷಧಿಯಿಟ್ಟು, ಮೇಲೆ ಸಿಮೆಂಟು ಮುಚ್ಚಿದ್ದಳು. ಇದು ತಾತ್ಕಾಲಿಕ, ಹೆಚ್ಚು ದಿನ ತಡೆಯುವುದಿಲ್ಲ, ಶನಿವಾರ ತಪ್ಪದೆ ಬನ್ನಿ ಅಂದಿದ್ದಳು. ಅದೇ ಶನಿವಾರ ಭದ್ರಾವತಿಯ ನಮ್ಮ ಮನೆಗೆ ಫ್ಯಾಕ್ಟರಿ ಗೆಳೆಯರನ್ನು ಕರೆದಿದ್ದೆ ನಾನು. ನನ್ನ ಹೆಂಡತಿಯ ಕಡುಬು, ಕೋಳಿಸಾರು ತಿಂದು ನೋಡಿ ಎಂದು ಜಂಬ ಕೊಚ್ಚಿಯಾಗಿತ್ತು. ನೀನು ಶಿವಮೊಗ್ಗಕ್ಕೆ ಹೋಗಿಬಿಟ್ಟರೆ —

ದನಿ ಬದಲಿಸುವುದರಲ್ಲಿ ನನ್ನನ್ನು ಮೀರಿಸುವವನು ಈ ಊರಲ್ಲಿ ಹುಟ್ಟಿಲ್ಲ. ಗೆಳೆಯ ಸೆಲ್ವಂನ ಫೋನು ಇಸಕೊಂಡು, ಹಿಂದಿನ ಓಣಿಯಲ್ಲಿ ನಿಂತು, ಕ್ಲಿನಿಕ್ಕಿನಲ್ಲಿ ಫೋನೆತ್ತುವ ಹುಡುಗಿಯ ದನಿಯಲ್ಲಿ ನಿನಗೆ ಹೇಳಿದೆ: "ಡಾಕ್ಟ್ರು ಇರಲ್ಲ ಆಂಟಿ, ಮುಂದಿನ ತಿಂಗ್ಳು ಬನ್ನಿ."

ವಾರ ಸಾಕಿತ್ತು. ತಿಂಗಳು ಅಂದದ್ದು ಬಾಯಿಗೆ ಬಂದ ಹುಮ್ಮಸ್ಸು. ಮನೆಗೆ ಬಂದರೆ, ಆ ಹುಡುಗಿ ಎಷ್ಟು ಮರ್ಯಾದೆಯಿಂದ ಮಾತಾಡಿದಳು ಎಂದು ನೀನು ಹೊಗಳಿದೆ. ನಾನು ಉಬ್ಬಿಹೋದೆ ಕಣೇ. ನಿಜ ಹೇಳಿ ನಗಿಸಬೇಕಿತ್ತು, ಹೇಳಲಿಲ್ಲ.

ಆಮೇಲೊಂದು ದಿನ ನೋಯುತ್ತಿದೆ ಅಂದೆ ನೀನು. ನಾನೋ ಫ್ಯಾಕ್ಟರಿಯ ಪೈಪುಗಳ ಸೋರಿಕೆ ನಿಲ್ಲಿಸಿದ ಫಿಟ್ಟರು! ಟಾರ್ಚು ಬಿಟ್ಟು, ಚಮಚದ ಹಿಡಿಯಿಂದ ಮೆಲ್ಲಗೆ ತಟ್ಟಿ, ತೀರ್ಪು ಕೊಟ್ಟೆ: "ಕಲ್ಲಿನ ಹಾಗಿದೆ ಮಾರಾಯ್ತಿ, ಒಂದು ಹನಿ ಒಳಗೆ ಇಳಿಯಲ್ಲ." ನೀನು ನಂಬಿದೆ.

ತಿಂಗಳ ಮೇಲೆ ನಿನ್ನ ಕೆನ್ನೆ ಊದಿ, ಇಬ್ಬರೂ ಕ್ಲಿನಿಕ್ಕಿಗೆ ಹೋದೆವು. ಮೇಲೆ ಗಟ್ಟಿಯಿದ್ದರೂ ಅಂಚಿನಲ್ಲಿ ಎಂಜಲು ಇಳಿದು ಒಳಗೆ ಕೀವಾಗಿದೆ, ಹಲ್ಲೂ ಸೀಳಿಹೋಗಿದೆ, ಕೀಳದೆ ದಾರಿಯಿಲ್ಲ ಅಂದಳು ಡಾಕ್ಟರಮ್ಮ.

"ಮುಂದಿನ ತಿಂಗ್ಳು ಬನ್ನಿ ಅಂದೋರು ನೀವೇ ಅಲ್ವಾ?"

"ನಾವು ಫೋನೇ ಮಾಡಿಲ್ಲಮ್ಮ. ಅವತ್ತು ನಿಮಗೇ ಕಾದ್ವಿ," ಅಂದಳು ಫೋನೆತ್ತುವ ಹುಡುಗಿ.

"ಸುಳ್ಳು ಹೇಳ್ಬೇಡ. ಕಿವಿಯಾರೆ ಕೇಳಿದ್ದೀನಿ."

ಆ ಮಗುವಿನ ಕಣ್ಣು ತುಂಬಿತು. ನಾನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ. ಅದೇ ಊರಿನ ಗೋಪಾಳದಲ್ಲಿರುವ ನಿನ್ನ ತಂಗಿ, ಅವಳ ನೆಂಟರಿಷ್ಟರು — ಯಾರೂ ಆ ಕ್ಲಿನಿಕ್ಕಿನ ಮೆಟ್ಟಿಲು ಹತ್ತದಂತೆ ಮಾಡಿದೆ ನೀನು. ಅಲ್ಲ, ನಾನು.

ನಿನ್ನೆ ರೊಟ್ಟಿಯನ್ನು ಚೂರುಮಾಡಿ ಒಂದೇ ದವಡೆಯಲ್ಲಿ ಮೆಲ್ಲುತ್ತಿದ್ದವಳು, ಗರಿಗರಿ ಅಂಚನ್ನು ಮಾತ್ರ ನನ್ನ ತಟ್ಟೆಗೆ ಹಾಕಿದೆ. ಅದನ್ನು ತಟ್ಟೆಯಲ್ಲೇ ಬಿಟ್ಟೆದ್ದು ಇದನ್ನು ಬರೆಯಲು ಕೂತೆ.

ಇದನ್ನು ಓದಿ ನೀನು ಮಾತು ಬಿಟ್ಟರೆ, ಬಿಡು. ಸೋಮವಾರ ವಿನೋಬನಗರಕ್ಕೆ ಹೋಗಿ ಡಾಕ್ಟರಮ್ಮನ ಎದುರು ಇಷ್ಟನ್ನೂ ಹೇಳುತ್ತೇನೆ. ಅಲ್ಲಿಂದ ನಿನ್ನ ತಂಗಿಯ ಮನೆಗೆ. ನೀನು ಬರಲೇಬೇಕೆಂದಿಲ್ಲ. ಬಂದರೆ — ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನಿನಗೆ.