ಕೊನೇ ಸಾಲಿನ ತನಕ ಕಾಯುವ ಉಡಚಮ್ಮ

ಹೊನ್ನಾಳಿಯಲ್ಲಿ ಬೆಳಕು ಈಗಷ್ಟೇ ಹರಿಯುತ್ತಿದೆ. ನಾಲೆ ಕಚೇರಿಯ ಹಿಂದಿನ ಕೋಣೆಯಲ್ಲಿ ಉಡಚಮ್ಮ ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು ಮಡಿಸಿಡುತ್ತಾರೆ. ಚನ್ನಗಿರಿ ಕಡೆಯಿಂದ ವೈರ್‌ಲೆಸ್ಸಿನಲ್ಲಿ ಬಂದ ನಾಲೆಯ ನೀರಿನ ಅಳತೆಗಳನ್ನು ಒಂದೊಂದಾಗಿ ಒತ್ತುತ್ತಾರೆ. ಕೊನೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ನೀರು’ ಎಂದು ಬರೆದು ಗುಂಡಿ ಅದುಮುತ್ತಾರೆ. ಹೊರಗೆ ಜೀಪಿನ ಬಳಿ, ತೂಬು ತೆಗೆದು ನೀರು ಬಿಡುವ ನೀರುಗಂಟಿ ಪಾಪಣ್ಣ ಕಾಯುತ್ತಿದ್ದಾರೆ. ಯಾವ ಊರಿಗೆ ಎಷ್ಟು ನೀರು ಎಂಬ ಪಟ್ಟಿ ಆರೂವರೆಯೊಳಗೆ ಕೈಗೆ ಬಂದರೆ ನಲವತ್ತಮೂರು ಊರಿನ ತೂಬುಗಳು ಸರದಿ ಪ್ರಕಾರ ತೆರೆಯುತ್ತವೆ. ತಡವಾದರೆ ಮೇಲಿನ ಊರುಗಳು ಹರಿಸಿಕೊಳ್ಳುತ್ತವೆ, ಕೊನೆಯ ಊರಿನವರು ಒಣ ಕಾಲುವೆ ನೋಡುತ್ತ ಕೂರಬೇಕು.

ಇವತ್ತು ಗುಂಡಿ ಅದುಮಿದರೂ ಪಟ್ಟಿ ಬರುವುದಿಲ್ಲ. ಮೊದಲ ಕೆಲಸ ಆಗಿಲ್ಲ, ನಿಲ್ಲಿಸಿದೆ ಎಂಬ ಒಂದೇ ಸಾಲು ಪರದೆಯ ಮೇಲೆ ಮೂಡುತ್ತದೆ. ಪಾಪಣ್ಣ ಕಿಟಕಿಯಲ್ಲಿ ಇಣುಕಿ ಕಂಪ್ಯೂಟರಿನತ್ತ ಕೈ ತೋರಿಸಿ, ನಿಮ್ಮ ಮಗ ಇವತ್ತು ಮುನಿಸಿಕೊಂಡನೇನು ಎಂದು ಕೆಣಕುತ್ತಾರೆ.

"ಮುನಿಸ್ಕೊಳ್ಳಲಿ ಬಿಡ್ರಿ. ಸುಳ್ಳು ಹೇಳೋದಕ್ಕಿಂತ ಚಲೋ," ಎನ್ನುತ್ತಾರೆ ಉಡಚಮ್ಮ.

ಇವರು ಜಗಳೂರು ತಾಲ್ಲೂಕಿನ ಸೊಕ್ಕೆಯವರು. ಎಸ್ಸೆಸ್ಸೆಲ್ಸಿ ಮುಗಿಸಿ, ಜಗಳೂರಿನಲ್ಲಿ ಬೆರಳಚ್ಚು ಕಲಿತು, ದಿನಗೂಲಿ ಟೈಪಿಸ್ಟ್ ಆಗಿ ಇಲ್ಲಿಗೆ ಬಂದವರು. ಎಂಬತ್ತಾರರಲ್ಲಿ ಕಂಪ್ಯೂಟರ್ ಬಂದಾಗ ಅದನ್ನು ಮುಟ್ಟಲು ಎಲ್ಲರಿಗೂ ಅಂಜಿಕೆ. ಅದರೊಳಗೆ ಮೂವರು ಮೂರು ಕಂಪ್ಯೂಟರ್ ಭಾಷೆಗಳಲ್ಲಿ ಬರೆದಿಟ್ಟುಹೋದ ಮೂರು ಪ್ರೋಗ್ರಾಂಗಳಿದ್ದವು. ಅಳತೆಗಳನ್ನು ಜೋಡಿಸುವುದು ಸಿ ಭಾಷೆಯದು, ನೀರು ಹಂಚುವ ಲೆಕ್ಕ ಫೋರ್ಟ್ರಾನಿನದು, ಊರುವಾರು ಪಟ್ಟಿ ಅಚ್ಚು ಹಾಕುವುದು ಕೋಬಾಲಿನದು. ಒಂದನ್ನು ಓಡಿಸಿ, ಬಂದದ್ದನ್ನು ಹಾಳೆಗೆ ಇಳಿಸಿ, ಮತ್ತೆ ಇನ್ನೊಂದಕ್ಕೆ ಒತ್ತುವಷ್ಟರಲ್ಲಿ ಮಧ್ಯಾಹ್ನ.

ಇಂಜಿನಿಯರ್ ಪಂಚಾಕ್ಷರಪ್ಪನವರು ಅವರಿಗೆ, ಕಂಪ್ಯೂಟರಿಗೆ ಆಜ್ಞೆ ಕೊಡುವ ಶೆಲ್ ಎಂಬುದನ್ನು ತೋರಿಸಿಕೊಟ್ಟರು. ಯಾವ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಆದರೂ ಹೆಸರು ಹಿಡಿದು ಕರೆದು ಕೆಲಸಕ್ಕೆ ಹಚ್ಚುವ ಆಜ್ಞೆಗಳು ಅದರವು. ಉಡಚಮ್ಮ ಆ ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದು ‘ನೀರು’ ಎಂದು ಹೆಸರಿಟ್ಟರು. ಅರ್ಧ ದಿನದ ಕೆಲಸ ಹನ್ನೆರಡು ನಿಮಿಷಕ್ಕೆ ಇಳಿಯಿತು.

"ಆ ಮೂರು ಭಾಷೆಯಾಗೆ ಒಂದೂ ನನಗೆ ಬರಂಗಿಲ್ರೀ. ಮದುವೆ ಮನೇಲಿ ಅಡಿಗೆಯವರನ್ನ, ಓಲಗದವರನ್ನ, ಐನೋರನ್ನ ಒಬ್ಬಾಕೆ ಹೊತ್ತಿಗೆ ಸರಿಯಾಗಿ ಕರೀತಾಳಲ್ಲ, ಹಂಗೆ. ಅವಳಿಗೆ ಓಲಗ ಊದಾಕೆ ಬರಬೇಕೇನು?"

ಕಳೆದ ವರ್ಷ ಬೇಸಿಗೆ ಬೆಳೆಯ ಕಾಲದಲ್ಲಿ ಒಂದು ಪೆಟ್ಟು ಬಿತ್ತು. ಅವರು ಕಲಿತ ಹಳೆಯ ಟೈಪ್‌ರೈಟರಿನಲ್ಲಿ ಒಂದು ಎಂಬ ಅಂಕಿಯ ಗುಂಡಿಯೇ ಇರಲಿಲ್ಲ. ಅದಕ್ಕೆ ಇಂಗ್ಲಿಷಿನ ಸಣ್ಣ ಎಲ್ ಒತ್ತುವುದು ರೂಢಿ. ಅವತ್ತು ಬೆರಳು ಹಳೆಯ ರೂಢಿಗೆ ಹೋಯಿತು. ಅಂಕಿಯ ಜಾಗದಲ್ಲಿ ಅಕ್ಷರ ಕಂಡ ಲೆಕ್ಕದ ಪ್ರೋಗ್ರಾಂ ಅರ್ಧಕ್ಕೆ ನಿಂತಿತು. ಶೆಲ್ ಮಾತ್ರ ನಿಲ್ಲದೆ ಮುಂದಿನ ಸಾಲಿಗೆ ನಡೆಯಿತು. ಕೋಬಾಲ್ ಹಿಂದಿನ ದಿನದ ಲೆಕ್ಕವನ್ನೇ ಎತ್ತಿಕೊಂಡು ಅಂದವಾಗಿ ಪಟ್ಟಿ ಹಾಕಿಕೊಟ್ಟಿತು. ನಾಲೆಯ ಕಟ್ಟಕಡೆಯ ಊರಾದ ಗೋವಿನಕೋವಿಗೆ ಎಂಟು ದಿನಕ್ಕೊಮ್ಮೆ ಬರುವ ಸರದಿ ತಪ್ಪಿತು.

ಮೂರನೇ ದಿನ ಅಲ್ಲಿನ ರೈತ ಕಲ್ಲೇಶಪ್ಪ ಬಾಡಿದ ಭತ್ತದ ಸಸಿಗಳನ್ನು ತಂದು ಮೇಜಿನ ಮೇಲಿಟ್ಟರು. "ಏನಮ್ಮಾ, ನಿಮ್ಮ ಮಿಷನ್ನಿಗೆ ನಿನ್ನೆ ಯಾವುದು ಇವತ್ತು ಯಾವುದು ಗೊತ್ತಾಗಂಗಿಲ್ಲೇನು?" ತಪ್ಪನ್ನು ಕರೆಂಟಿನ ಮೇಲೆ ಹಾಕಿಬಿಡಿ ಎಂದು ಪಕ್ಕದವರು ಪಿಸುಗುಟ್ಟಿದರು. ಉಡಚಮ್ಮ ಎದ್ದು ನಿಂತು, ತಪ್ಪು ನನ್ನದು ಎಂದರು. ಕೆಲಸ ಹೋಯಿತೆಂದೇ ಅಂದುಕೊಂಡಿದ್ದರು. ಪಂಚಾಕ್ಷರಪ್ಪನವರು ಬೈಯಲಿಲ್ಲ, ಗೋವಿನಕೋವಿಗೆ ಅವತ್ತೇ ತೂಬು ತೆಗೆಸಿದರು.

ಕೆಲಸ ಮುಗಿಸಿದ ಪ್ರತಿ ಪ್ರೋಗ್ರಾಂ ಶೆಲ್ಲಿಗೆ ಒಂದು ಅಂಕಿ ಬಿಟ್ಟುಹೋಗುತ್ತದೆ ಎಂದು ಉಡಚಮ್ಮ ಆಮೇಲೆ ತಿಳಿದುಕೊಂಡರು. ಸೊನ್ನೆಯಾದರೆ ಸರಿ, ಬೇರೇನಿದ್ದರೂ ಕೆಟ್ಟಿದೆ ಎಂದರ್ಥ. ಬರೆದ ಭಾಷೆ ಯಾವುದೇ ಇರಲಿ, ಕೇಳುವ ಪ್ರಶ್ನೆ ಒಂದೇ: ಸೊನ್ನೆಯೋ ಅಲ್ಲವೋ! ಹಿಂದಿನ ದಿನದ ಲೆಕ್ಕವನ್ನು ಮೊದಲೇ ಅಳಿಸು, ಸೊನ್ನೆ ಬರದಿದ್ದರೆ ಅಲ್ಲೇ ನಿಲ್ಲು ಎಂದು ಪ್ರತಿ ಹೆಜ್ಜೆಗೂ ಸೇರಿಸಿದರು. ಅಂದಿನಿಂದ ತಪ್ಪು ಪಟ್ಟಿ ಒಂದೂ ಈ ಕೋಣೆ ದಾಟಿಲ್ಲ.

ಈಗ ಅವರು ಪರದೆಯ ಮೇಲೆ ಬೆರಳಿಟ್ಟು ಎಣಿಸುತ್ತಾರೆ. ಹನ್ನೊಂದು ಅಳತೆ ಇರಬೇಕಾದಲ್ಲಿ ಹತ್ತೇ ಇವೆ. ವೈರ್‌ಲೆಸ್ಸಿನಲ್ಲಿ ಚನ್ನಗಿರಿಯನ್ನು ಮತ್ತೆ ಕರೆದು ಬಿಟ್ಟುಹೋದದ್ದನ್ನು ಕೇಳಿಕೊಂಡು ಸೇರಿಸಿ, ಮತ್ತೆ ಗುಂಡಿ ಅದುಮುತ್ತಾರೆ. ಆರೂ ಇಪ್ಪತ್ತೈದಕ್ಕೆ ಪ್ರಿಂಟರ್ ಕಿರ್ರೆನ್ನುತ್ತದೆ. ಪಾಪಣ್ಣ ಕೈ ಚಾಚಿದರೂ ಕೊಡದೆ, ಕಟ್ಟಕಡೆಯ ಸಾಲಿಗೆ ಇಳಿದು ಗೋವಿನಕೋವಿಯ ಹೆಸರು ಓದಿದ ಮೇಲೆಯೇ ಹಾಳೆ ಹರಿದು ಕೊಡುತ್ತಾರೆ. ಜೀಪು ಹೊರಡುತ್ತದೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಬಟ್ಟೆಯ ಮಡಿಕೆ ಬಿಚ್ಚಿ ಕಂಪ್ಯೂಟರಿಗೆ ಹೊದಿಸುತ್ತಾರೆ.

"ನಮ್ಮ ಸೊಕ್ಕೆಗೆ ನಾಲೆ ಇಲ್ಲ್ರೀ. ಒಂದಿನ ಬಂದ್ರೆ, ಪಟ್ಟಿಯ ಕೊನೇ ಸಾಲಿಗೆ ಹಾಕಿದ್ರೂ ಸಾಕು. ಕೊನೇ ಸಾಲು ನೋಡದೆ ನಾನಂತೂ ಏಳಂಗಿಲ್ಲ."