ಎಣ್ಣೆಯಮ್ಮನ ಮೂಗು

ಎಣ್ಣೆಯಮ್ಮನ ಮೂಗು ಸತ್ತು ವರ್ಷವಾಗಿತ್ತು. ಕೆಟ್ಟ ಜ್ವರವೊಂದು ಬಂದು, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಮಹಾತಾಯಿ ಯಾರ ಮುಂದೆಯೂ ಬಾಯಿಬಿಡಲಿಲ್ಲ. ಬಿಟ್ಟರೆ ಎಣ್ಣೆ ಇಳಿಸುವ ಬಟ್ಟಿಮನೆ ಕೈತಪ್ಪಿ, ಮಗ ತನ್ನನ್ನು ಮೂಲೆಗೆ ಕೂರಿಸುತ್ತಾನೆಂಬ ಹೆದರಿಕೆ.

ಕರ್ಪೂರದ ಮರದ ಚೆಕ್ಕೆಯನ್ನು ಹಂಡೆಯಲ್ಲಿ ಬೇಯಿಸಿ, ಆವಿ ಹಿಡಿದು ಎಣ್ಣೆ ಇಳಿಸುವುದು ಆ ಮನೆಯ ಕಸುಬು. ಮೊದಲು ಇಳಿದ ಅಪ್ಪಟ ಎಣ್ಣೆ ಮಂದಿರಕ್ಕೆ. ಹಿಂದೆ ಯಾವಾಗಲೋ ಪಿಡುಗು ಬಂದಾಗ ಬೀದಿಯ ಹೊಸ್ತಿಲಿಗೆಲ್ಲ ಅದನ್ನೇ ಬಳಿದಿದ್ದರಂತೆ. ದೇವರು ಘಮದ ಜಾಡು ಹಿಡಿದು ಬರುತ್ತಾನೆಂದು ಅವಳ ಅತ್ತೆ ಹೇಳುತ್ತಿದ್ದಳು. ಅಲ್ಲಿಂದೀಚೆಗೆ ಮಂದಿರದ ದೀಪಕ್ಕೂ ಅದೇ, ಸತ್ತವರ ಹಣೆಗೂ ಅದೇ. ಆಮೇಲೆ ಇಳಿದದ್ದಕ್ಕೆ ಎಳ್ಳೆಣ್ಣೆ ಧಾರಾಳವಾಗಿ ಬೆರೆಸಿ ಮನೆ ಬಳಕೆಗೆ: ಮಂಡಿನೋವಿಗೆ, ಕಟ್ಟಿದ ಎದೆಗೆ, ಉಣ್ಣೆಬಟ್ಟೆಯ ಪೆಟ್ಟಿಗೆಗೆ ನುಸಿ ಬಾರದಂತೆ.

ಎರಡಕ್ಕೂ ಒಂದೇ ತರಹದ ಕಪ್ಪು ಸೀಸೆ. ಚೀಟಿ ಅಂಟಿಸೋಣವೆಂದು ಮಗ ಹೇಳಿದ್ದಕ್ಕೆ, "ಚೀಟಿ ಬೇಕಾಗೋದು ಮೂಗಿಲ್ಲದೋರಿಗೆ ಕಣೋ" ಎಂದು ನಕ್ಕಿದ್ದಳು. ಆಗ ಮೂಗಿತ್ತು, ನಕ್ಕಳು. ಮೂಗು ಹೋದ ಮೇಲೂ ಚೀಟಿ ಅಂಟಿಸಲಿಲ್ಲವಲ್ಲ, ಅದಕ್ಕೇನು ಹೇಳೋಣ! ಸೀಸೆ ಇಟ್ಟ ಜಾಗ ನೆನಪಿಟ್ಟುಕೊಂಡು ದಿನ ದೂಡಿದಳು. ಮುಟ್ಟಿ ತಿಳಿಯೋಣವೆಂದರೆ, ಬಿಸಿ ಹಂಡೆ ಹಿಡಿದು ಹಿಡಿದು ಬೆರಳ ತುದಿ ಎಂದೋ ಮರಗಟ್ಟಿತ್ತು.

ಅವತ್ತು ಬೆಳಿಗ್ಗೆ ಸೊಸೆ ಕಪಾಟು ಒರೆಸಿ, ಸೀಸೆಗಳನ್ನು ಹಿಂದುಮುಂದಾಗಿ ಇಟ್ಟಿದ್ದಳು. ಇನ್ನೂ ಬೋರಲು ಬೀಳದ ಮೊಮ್ಮಗಳಿಗೆ ನೆಗಡಿ, ಎದೆ ಗೊರಗೊರ. ಎಣ್ಣೆಯಮ್ಮ ಎಂದಿನ ಜಾಗದಲ್ಲಿ ಕೈಗೆ ಸಿಕ್ಕ ಸೀಸೆಯಿಂದ ಸುರಿದುಕೊಂಡು ಎದೆಗೆ, ಬೆನ್ನಿಗೆ, ಮೂಗಿನ ಕೆಳಗೆ ಚೆನ್ನಾಗಿ ತಿಕ್ಕಿದಳು.

ಒಳಗೆ ಬಂದ ಸೊಸೆ ಮುಖ ಕಿವುಚಿದಳು. "ಅತ್ತೆ, ಘಾಟು ಜಾಸ್ತಿ ಇಲ್ವಾ? ಕಣ್ಣೆಲ್ಲ ಉರೀತಿದೆ."

ಎಣ್ಣೆಯಮ್ಮ ಸೀಸೆಯ ಕಡೆ ನೋಡಿದಳು. ಆಗಲಾದರೂ "ನೀನೇ ಒಂದ್ಸಲ ಮೂಸಿ ನೋಡು" ಅನ್ನಬಹುದಿತ್ತು. ಅನ್ನಲಿಲ್ಲ.

"ನಿನ್ನೆ ಮೊನ್ನೆ ಬಂದವಳು ನಂಗೆ ವಾಸನೆ ಕಲಿಸ್ತೀಯಾ? ಹೋಗು, ಮಗುಗೆ ಬೆಚ್ಚಗೆ ಹೊದಿಸು."

ಸೊಸೆ ಕಂಬಳಿ ತಂದು ಹೊದಿಸಿದಳು. ಸ್ವಲ್ಪ ಹೊತ್ತಿಗೆ ಮಗುವಿನ ಕಣ್ಣು ಮೇಲೆ ಸಿಕ್ಕಿಕೊಂಡಿತು, ಕೈಕಾಲು ಸೆಟೆದವು. ಮಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದ, ಹೆಂಗಸರಿಬ್ಬರೂ ಹಿಂದೆಯೇ. ಡಾಕ್ಟರು ಒಳಗೆ ತೆಗೆದುಕೊಂಡು ಹೋದವರು ಮಧ್ಯಾಹ್ನದ ಹೊತ್ತಿಗೆ ಹೊರಗೆ ಬಂದು, ಉಸಿರಾಟ ನಿಂತುಹೋಯಿತು, ಎಷ್ಟು ಮಾಡಿದರೂ ತಿರುಗಿ ಬರಲಿಲ್ಲ ಎಂದರು. ಅಪ್ಪಟ ಎಣ್ಣೆ ಎಳೆಮಗುವಿಗೆ ವಿಷ, ಯಾರು ಹಚ್ಚಿದ್ದು ಎಂದು ಕೇಳಿದರು.

ಬೆಂಚಿನ ಮೇಲೆ ಸೊಸೆ ಅತ್ತೆಯ ತೊಡೆಗೆ ಮುಖ ಹಚ್ಚಿ ಅತ್ತಳು. "ಸೀಸೆ ಅದಲುಬದಲು ಮಾಡಿದ್ದು ನಾನೇ ಅತ್ತೆ. ಘಾಟು ಬಂದಿದ್ದೂ ನಂಗೇ. ನಿಮಗಿಂತ ನಂಗೇನು ಗೊತ್ತು ಅಂತ ಸುಮ್ಮನಾದೆ. ನನ್ನ ಮಗೂನ ನಾನೇ ಕೊಂದೆ."

ಗಂಡ ಅವಳನ್ನೇ ದುರುಗುಟ್ಟಿ ನೋಡುತ್ತ ನಿಂತಿದ್ದ. ಎಣ್ಣೆಯಮ್ಮ ಸುಮ್ಮನಿದ್ದಿದ್ದರೆ ಆ ಪಾಪ ಸೊಸೆಯ ತಲೆಯ ಮೇಲೇ ಉಳಿಯುತ್ತಿತ್ತು, ಬಟ್ಟಿಮನೆಯೂ ತನಗೇ ಉಳಿಯುತ್ತಿತ್ತು. ಅವಳು ಸೊಸೆಯ ಕೂದಲು ಸವರಿದಳು.

"ನಂಗೆ ವಾಸನೇನೇ ಬರಲ್ಲ ಕಣೇ," ಎಂದಳು. "ಆ ಜ್ವರ ಬಂದಾಗಿಂದ. ನಿಂಗೆ ಬಂದಿದ್ದೇ ಸರಿ."

ಸೊಸೆ ತಲೆ ಎತ್ತಿದಳು. ಎದ್ದು ಹೋಗಿ ಎದುರಿನ ಬೆಂಚಿನಲ್ಲಿ ಕೂತಳು. ಮಗ ಹೆಂಡತಿಯ ಪಕ್ಕಕ್ಕೆ ಹೋದ.