ಮಾತಿಗೆ ‘ರಿ’ ಹಚ್ಚಿ ಜರ್ಮನ್ ಕಲಿಸಿದ ಅಕ್ಕೋರು

ನಮಗೆ ಜರ್ಮನ್ ಕಲಿಸಿದ ಅಕ್ಕೋರ ಮೇಲ್ದುಟಿಯ ಮೇಲೆ ಜೋಳದ ಕಾಳಿನಷ್ಟು ದೊಡ್ಡ ಮಚ್ಚೆಯಿತ್ತು. ಹೊರಡುವಾಗ ಹೇಳುವ ‘ಚ್ಯೂಸ್’ ಎಂಬ ಮಾತನ್ನು ಕಲಿಸಲು ಅವರು ದೀಪ ಆರಿಸುವವರಂತೆ ತುಟಿ ಮುಂದೆ ಮಾಡಿದರೆ ಆ ಮಚ್ಚೆ ಮೂಗಿಗೇ ತಾಗುತ್ತಿತ್ತು. ನರ್ಸಿಂಗ್ ಮುಗಿಸಿ ಜರ್ಮನಿಯ ಕೆಲಸಕ್ಕೆಂದು ಭಾಷೆ ಕಲಿಯಲು ಬಂದ ಹುಡುಗಿಯರು ನಾವು, ಓಢಣಿ ಬಾಯಿಗೆ ಹಿಡಿದು ನಗುತ್ತಿದ್ದೆವು.

“ನಗ್ರಿ. ಆದರ ತುಟಿ ಮುಂದ ಮಾಡಿ ನಗ್ರಿ,” ಎನ್ನುತ್ತಿದ್ದರು.

ಬಹಳ ವರ್ಷ ಜರ್ಮನಿಯ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ನಿಪ್ಪಾಣಿಗೆ ಮರಳಿದವರು ಅವರು. ಮನೆಯ ಮಾಳಿಗೆಯಲ್ಲೇ ಕ್ಲಾಸು. ನಾನು ಕರೋಶಿಯಿಂದ ಬಸ್ಸಿಗೆ ಹೋಗುತ್ತಿದ್ದೆ. ಅಪ್ಪ ಎಮ್ಮೆ ಕಟ್ಟಿ ಓದಿಸಿದ್ದ. ಆದರೆ ಜರ್ಮನ್ ವ್ಯಾಕರಣ ತಲೆಗೆ ಹತ್ತಲೇ ಇಲ್ಲ. ಇನ್ನು ಕ್ಲಾಸಿಗೆ ಬರುವುದಿಲ್ಲವೆಂದು ಅಳುತ್ತ ನಿಂತಾಗ ಅಕ್ಕೋರು ಗದರಲಿಲ್ಲ.

“ವ್ಯಾಕರಣ ಹಿಂದಿಂದ ಬರತೈತಿ ಬೇ. ಮೊದಲ ಮಂದೀನ ಚಂದಂಗ ಮಾತಾಡ್ಸಾಕ ಕಲಿ. ದೊಡ್ಡವರಿಗೆ ಜರ್ಮನ್ ಮಂದಿ ‘ಜೀ’ ಅಂತಾರ, ನಾವು ‘ರಿ’ ಹಚ್ತೀವಿ. ಅಷ್ಟ ಫರಕು.”

ದಯವಿಟ್ಟು ಎನ್ನಲು ಆ ಭಾಷೆಯಲ್ಲಿ ‘ಬಿಟ್ಟೆ’. ಶೇಡಬಾಳದ ಗೆಳತಿಯೊಬ್ಬಳು, “ಏನ ಬಿಟ್ರಿ ಅಕ್ಕೋರ?” ಎಂದು ಕೇಳಿಯೇಬಿಟ್ಟಳು.

“ಸೊಕ್ಕ ಬಿಟ್ಟೆ ಅಂತ ತಿಳ್ಕೊ. ನೆನಪಿರತೈತಿ!”

ಒಂದು ದಿನ ಪಾಠಕ್ಕೆಂದು ಅವರೇ ರೋಗಿಯಂತೆ ಮಂಚದ ಮೇಲೆ ಮಲಗಿದರು. ನಾನು ಹೋದವಳೇ ದಿಂಬು ಎಳೆದು ಸರಿಮಾಡಿದೆ. ಥಟ್ಟನೆ ನನ್ನ ಕೈ ಹಿಡಿದರು.

“ನಾ ಏನ ಹತ್ತಿ ಚೀಲ ಏನ? ಮೊದಲ ಕೇಳಬೇಕು. ‘ದಾರ್ಫ್ ಇಶ್?’ ಅಂದ್ರ, ‘ಮಾಡ್ಲೇನ್ರಿ?’ ಅಂತ. ಹಾಸಿಗಿ ಹಿಡಿದವರಿಗೆ ಮರ್ಯಾದಿ ಅಷ್ಟ ಉಳಿದಿರತೈತಿ.”

ಜರ್ಮನಿಗೆ ಬಂದ ಹೊಸದರಲ್ಲಿ, ನನ್ನ ಭಾಷೆ ಸಾಲದೆಂದು ಮೇಲಿನವರು ಗೊಣಗುತ್ತಿದ್ದರು. ವಾಪಸ್ ಕಳಿಸಿಬಿಟ್ಟರೆ ಅಪ್ಪನಿಗೆ ಹೇಗೆ ಮುಖ ತೋರಿಸಲಿ ಎಂಬ ಭಯ. ನನ್ನ ವಾರ್ಡಿನಲ್ಲಿ ಲಕ್ವಾ ಹೊಡೆದ ಒಬ್ಬ ಹಿರಿಯರಿದ್ದರು. ಮೈ ಒರೆಸಲು ಹೋದವರನ್ನೆಲ್ಲ ಕೂಗಾಡಿ ಓಡಿಸುತ್ತಿದ್ದರು. ಕೊನೆಗೆ ಮೇಲಿನವರು ನನ್ನನ್ನು ಕಳಿಸಿದರು. ಬಿಸಿನೀರಿನ ಬೋಗುಣಿ ಹಿಡಿದು ದೂರವೇ ನಿಂತು, “ಗುಟೆನ್ ಮೋರ್ಗನ್. ದಾರ್ಫ್ ಇಶ್?” ಎಂದೆ.

ಅವರು ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಸ್ವಾಧೀನವಿಲ್ಲದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ನನ್ನ ಕಡೆ ಚಾಚಿ, “ಬಿಟ್ಟೆ,” ಎಂದರು. ಮರುದಿನದಿಂದ ಅವರ ಆರೈಕೆ ನನ್ನದೇ ಆಯಿತು. ನನ್ನನ್ನು ವಾಪಸ್ ಕಳಿಸುವ ಮಾತು ಮತ್ತೆ ಬರಲಿಲ್ಲ.

ಫೋನಿನಲ್ಲಿ ಇದನ್ನು ಅಕ್ಕೋರಿಗೆ ಹೇಳಿದೆ. “ಹಂಗಾರ ನಿನ್ನ ಕಾಲು ಅಲ್ಲಿ ಊರಿದುವು ಬಿಡು,” ಎಂದರು. ದನಿ ಒದ್ದೆಯಾಗಿತ್ತು.

ಹೋದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ಶೇಡಬಾಳದ ಗೆಳತಿ ತಿಳಿಸಿದಳು. ಊರಿಗೆ ಹೋಗಲು ರಜೆ ಸಿಗಲಿಲ್ಲ. ವಾರ್ಡಿನ ಹಿಂದಿನ ಕೋಣೆಯಲ್ಲಿ ಅಳುತ್ತಿದ್ದ ನನ್ನ ಬಳಿ ಹಿರಿಯ ನರ್ಸ್ ಬಂದು, ಎರಡೂ ಕೈ ಹಿಡಿದು, “ಮೈನ್ ಬೈಲೈಡ್,” ಎಂದರು. ಸಾವಾದಾಗ ಆಡುವ ಮಾತು. ಅದನ್ನು ಅಕ್ಕೋರು ಕಲಿಸಿರಲಿಲ್ಲ. ಅರ್ಥ ಮಾತ್ರ ಆ ನರ್ಸಿನ ಮುಖ ನೋಡಿಯೇ ಆಯಿತು. ಆದರೆ ಅದಕ್ಕೆ ತಿರುಗಿ ಏನನ್ನಬೇಕು? ಇಂಥದ್ದನ್ನೆಲ್ಲ ನಾನು ಕೇಳುತ್ತಿದ್ದುದು ಅಕ್ಕೋರನ್ನೇ.